ಒಂದು ಗಣಕ, ಎರಡು ಪರದೆ, ಹಲವು ಅಂಗಳ

೧೯೫೩ನೆಯ ಇಸವಿ ಅಕ್ಟೋಬರ್ ೧ರಂದು ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರ ರಾಜ್ಯಕ್ಕೆ ಸೇರಿದ ಬಳಿಕ, ಈ ಸೀಮೆಯ ಕನ್ನಡ ಉಪಾಧ್ಯಾಯರ ಮೇಜಿನ ಮೇಲೆ ಎರಡು ಮೂರು ಭಾಷೆಗಳ ಕಾಗದಗಳು ಒಟ್ಟಿಗೆ ಕೂಡುವುದು ವಾಡಿಕೆಯಾಯಿತು. ಸುತ್ತೋಲೆ ತೆಲುಗಿನಲ್ಲಿ ಬರುತ್ತದೆ, ಇಲ್ಲವೆ ಇಂಗ್ಲಿಷಿನಲ್ಲಿ. ಮಕ್ಕಳ ಮುಂದಿಡುವ ಪ್ರಶ್ನೆಪತ್ರಿಕೆ ಮಾತ್ರ ಕನ್ನಡದಲ್ಲಿಯೇ ಇರತಕ್ಕದ್ದು. ಮೂಲದಿಂದ ಕನ್ನಡಕ್ಕೆ ತರುವಾಗ ಒಂದು ವಾಕ್ಯ ಬಿಟ್ಟುಹೋದರೂ, ಒಂದು ಅಂಕಿ ತಪ್ಪಿದರೂ ಅದರ ಫಲವನ್ನು ಉಣ್ಣುವವನು ಪರೀಕ್ಷೆಗೆ ಕುಳಿತ ವಿದ್ಯಾರ್ಥಿ. ಆದಕಾರಣ ಮೂಲವೂ ಅನುವಾದವೂ ಏಕಕಾಲದಲ್ಲಿ ಕಣ್ಣೆದುರಿಗಿರುವುದು ಅವಶ್ಯಕ. ಗಣಕಕ್ಕೆ ಎರಡನೆಯ ಪರದೆಯನ್ನು ಜೋಡಿಸುವುದರ ಪ್ರಯೋಜನವಿದು.

ಸಾಮಾನ್ಯ ಗಣಕದಲ್ಲಿ ಕಿಟಕಿಗಳು ಒಂದರ ಮೇಲೊಂದು ಬಿದ್ದು ಮರೆಯಾಗುತ್ತವೆ. ಟೈಲಿಂಗ್ ವಿಂಡೋ ಮ್ಯಾನೇಜರ್ ಎಂಬ ವ್ಯವಸ್ಥೆಯಲ್ಲಿ ಹಾಗಲ್ಲ. ಹೊಲಕ್ಕೆ ಬದು ಹಾಕಿ ಪಾಲು ಮಾಡಿದಂತೆ ಇಡೀ ಪರದೆಯನ್ನು ತೆರೆದ ಕಿಟಕಿಗಳಿಗೆ ಹಂಚಲಾಗುತ್ತದೆ. ಒಂದು ಮತ್ತೊಂದನ್ನು ಮುಚ್ಚುವುದಿಲ್ಲ. ಇಂಥ ಕಿಟಕಿಗಳ ಒಂದೊಂದು ಗುಂಪಿಗೆ ವರ್ಕ್‌ಸ್ಪೇಸ್ ಎಂದು ಹೆಸರು. ನಾವು ಅದನ್ನು ಅಂಗಳವೆಂದು ಕರೆಯೋಣ. ಅಂಗಳಗಳಿಗೆ ಸಂಖ್ಯೆಗಳಿವೆ; ಮಾಡ್ ಕೀಲಿಯೊಡನೆ ಅಂಕಿಯನ್ನು ಒತ್ತಿದರೆ ಆ ಅಂಗಳ ಎದುರಾಗುತ್ತದೆ.

ಪರದೆ ಎರಡಾದಾಗ, ಯಾವ ಅಂಗಳ ಯಾವ ಪರದೆಗೆ ಸೇರಿದ್ದು ಎಂಬ ಪ್ರಶ್ನೆ ಏಳುತ್ತದೆ. ೨೦೦೬ರ ಡಿಡಬ್ಲ್ಯುಎಂನಲ್ಲಿ ಪ್ರತಿ ಪರದೆಗೂ ತನ್ನದೇ ಆದ ಸಂಖ್ಯೆಗಳ ಸಾಲು. ೨೦೦೭ರ ಎಕ್ಸ್‌ಮೊನಾಡ್‌ನಲ್ಲಿ ಅಂಗಳಗಳೆಲ್ಲ ಊರೊಟ್ಟಿನ ಆಸ್ತಿ. ಕರೆದ ಅಂಗಳವು ಎದುರಿನ ಪರದೆಗೇ ಬರುತ್ತದೆ, ಆಚೆಯ ಪರದೆಯಲ್ಲಿ ತೋರುತ್ತಿದ್ದರೆ ಅದಲುಬದಲಾಗುತ್ತದೆ. ಜರ್ಮನಿಯ ಮೈಕೇಲ್ ಸ್ಟಾಪೆಲ್‌ಬರ್ಗ್ ಎಂಬವರು ೨೦೦೯ರಲ್ಲಿ ಆರಂಭಿಸಿದ ಐ೩ಯಲ್ಲಿ ಒಂದು ಅಂಗಳ ಒಂದೇ ಪರದೆಯಲ್ಲಿ ನೆಲೆಸಿರುತ್ತದೆ. ಅದನ್ನು ಕರೆದರೆ ಅಂಗಳ ಬರುವುದಿಲ್ಲ, ನಮ್ಮ ಗಮನವೇ ಆ ಪರದೆಗೆ ಹೋಗುತ್ತದೆ. ಉಪಾಧ್ಯಾಯರಿಗೆ ಈ ಮೂರನೆಯ ಕ್ರಮವೇ ಒಪ್ಪುವುದೆಂದು ನಮ್ಮ ಅಭಿಪ್ರಾಯ. ಕಾರಣವನ್ನು ಮುಂದೆ ಹೇಳುತ್ತೇವೆ.

ಮೊದಲು ಎಕ್ಸ್‌ರ್ಯಾಂಡರ್ ಎಂಬ ಆಜ್ಞೆಯಿಂದ ಪರದೆಗಳ ಹೆಸರುಗಳನ್ನು ತಿಳಿದು, ಒಂದನ್ನು ಮತ್ತೊಂದರ ಬಲಕ್ಕೆಂದು ಗೊತ್ತುಪಡಿಸಬೇಕು. ಎರಡರಲ್ಲಿಯೂ ಒಂದೇ ಚಿತ್ರ ಬರುವಂತೆ ಬಿಟ್ಟರೆ ಐ೩ ಅವುಗಳನ್ನು ಒಂದೇ ಪರದೆಯೆಂದು ಎಣಿಸುತ್ತದೆ. ಆಮೇಲೆ ಐ೩ಯ ಕಾನ್ಫಿಗ್ ಕಡತದಲ್ಲಿ ಅಂಗಳಕ್ಕೊಂದು ಸಾಲು: ‘ವರ್ಕ್‌ಸ್ಪೇಸ್ ೧ ಔಟ್‌ಪುಟ್’ ಎಂದು ಬರೆದು ಪರದೆಯ ಹೆಸರನ್ನು ಸೇರಿಸುವುದು. (ಇದನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಟೈಪು ಮಾಡತಕ್ಕದ್ದು.) ತೆಲುಗು ಮೂಲಕ್ಕೆ ೧, ಕನ್ನಡ ಬರವಣಿಗೆಗೆ ೨ ಎಂದಿಟ್ಟುಕೊಂಡರೆ ಎರಡೂ ಎದುರುಬದುರಾಗಿ ನಿಲ್ಲುತ್ತವೆ. ಯೂನಿಕೋಡ್ ಪಟ್ಟಿಯಲ್ಲಿಯೂ ತೆಲುಗಿನ ಮಗ್ಗುಲಲ್ಲಿಯೇ ಕನ್ನಡಕ್ಕೆ ಸ್ಥಾನವಿರುವುದು ನಮ್ಮ ಸೀಮೆಯವರಿಗೆ ಸೊಗಸಾಗಿ ತೋರೀತು. ಹೊಸ ವೇಲ್ಯಾಂಡ್ ಪದ್ಧತಿಯ ಗಣಕಗಳಲ್ಲಿ ಐ೩ಯ ಬದಲು ಸ್ವೇ ಎಂಬುದಿದೆ. ಈ ಸಾಲುಗಳು ಅಲ್ಲಿಯೂ ನಡೆಯುತ್ತವೆ, ಪರದೆಗಳನ್ನು ಜೋಡಿಸುವ ಆಜ್ಞೆ ಮಾತ್ರ ಬೇರೆ.

ಇನ್ನು ಮೇಲೆ ಹೇಳಿದ ಕಾರಣ. ಎರಡನೆಯ ಪರದೆ ತರಗತಿಯ ಗೋಡೆಗೆ ಬೆಳಕು ಚೆಲ್ಲುವ ಪ್ರೊಜೆಕ್ಟರ್ ಆಗಿದ್ದರೆ, ಪಾಠದ ಚಿತ್ರಗಳನ್ನು ೯ನೆಯ ಅಂಗಳದಲ್ಲಿಟ್ಟು ಅದನ್ನು ಪ್ರೊಜೆಕ್ಟರಿಗೆ ನಿಗದಿ ಮಾಡಬೇಕು. ಪ್ರಶ್ನೆಪತ್ರಿಕೆ, ಅಂಕಪಟ್ಟಿ ಇರುವ ಅಂಗಳಗಳು ಗಣಕದ ಸ್ವಂತ ಪರದೆಗೆ. ಅವುಗಳ ಅಂಕಿಯನ್ನು ಕೈತಪ್ಪಿ ಒತ್ತಿದರೂ ಅವು ಗೋಡೆಯ ಮೇಲೆ ಕಾಣಿಸಿಕೊಳ್ಳುವುದಿಲ್ಲ. ಎಕ್ಸ್‌ಮೊನಾಡ್‌ನಲ್ಲಿ ಈ ಅಭಯವಿಲ್ಲ.

ಪ್ರೊಜೆಕ್ಟರನ್ನು ವ್ಯವಸ್ಥೆಯಿಂದ ತೆಗೆದಾಗ ಅದರ ಅಂಗಳಗಳು ಉಳಿದ ಪರದೆಗೆ ವಲಸೆ ಬರುತ್ತವೆ, ಯಾವುದೂ ನಷ್ಟವಾಗುವುದಿಲ್ಲ. ಮತ್ತೆ ಜೋಡಿಸಿ ಎಕ್ಸ್‌ರ್ಯಾಂಡರ್ ಆಜ್ಞೆಯನ್ನು ಕೊಟ್ಟರೆ ನಿಗದಿಯಾದವು ತಮ್ಮ ಸ್ಥಾನಕ್ಕೆ ಮರಳುತ್ತವೆ. ಇದೇ ನಿಯಮ ತಿರುಗುಮುರುಗಾಗಿಯೂ ನಡೆಯುತ್ತದೆ ಎಂಬುದನ್ನು ಉಪಾಧ್ಯಾಯರು ಗಮನಿಸಬೇಕು. ಪಾಠದ ನಡುವೆ ಗಣಕದ ಸ್ವಂತ ಪರದೆಯನ್ನು ಎಕ್ಸ್‌ರ್ಯಾಂಡರಿನಿಂದ ಆರಿಸಿದರೆ ಅದರಲ್ಲಿದ್ದ ಅಂಗಳಗಳೆಲ್ಲ ಪ್ರೊಜೆಕ್ಟರಿಗೆ ಸೇರುತ್ತವೆ. ಆದುದರಿಂದ ತರಗತಿಗೆ ಹೋಗುವ ಮೊದಲು ಪ್ರಶ್ನೆಪತ್ರಿಕೆಯ ಕಡತವನ್ನು ಮುಚ್ಚಿಯೇ ಹೋಗತಕ್ಕದ್ದು.