ಕೋವಿ ತರಬೇತಿಗೆ ಹೋಗಿ ಬಂದೆವು

ಮಲೆನಾಡಿನ ತೋಟದ ಮನೆಗಳಲ್ಲಿ ಕೋವಿ ಎಂಬುದು ಕತ್ತಿ, ಹಾರೆ, ಗುದ್ದಲಿಗಳ ಹಾಗೆ ಮನೆಬಳಕೆಯ ಸಾಮಾನಿನ ಪಟ್ಟಿಗೇ ಸೇರಿದ್ದು. ಅಜ್ಜ ಹಿಡಿದದ್ದನ್ನು ಅಪ್ಪ ಹಿಡಿದರು, ಅಪ್ಪ ಹಿಡಿದದ್ದನ್ನು ಮಗ ಹಿಡಿದ. ಯಾರೂ ಯಾರಿಗೂ ಕೂರಿಸಿಕೊಂಡು ಕಲಿಸಿದ್ದಿಲ್ಲ, ಎಲ್ಲವೂ ನೋಡಿ ಕಲಿತದ್ದು. ಹೀಗಿರುವಾಗ ಪರವಾನಗಿಗೆ ಅರ್ಜಿ ಹಾಕುವವರು ಮೊದಲು ತರಬೇತಿ ಪಡೆದು ಪ್ರಮಾಣಪತ್ರ ತರಬೇಕೆಂದರೆ ನಮ್ಮ ಸದಸ್ಯರಲ್ಲಿ ಹಲವರಿಗೆ ಸಿಟ್ಟು ಬಂದದ್ದು ಸಹಜವೇ. "ಮೀನಿಗೆ ಈಜು ಕಲಿಸುತ್ತಾರಂತೆ" ಎಂದು ಹಿರಿಯ ಸದಸ್ಯರೊಬ್ಬರು ಸಂಘದ ಕಚೇರಿಯಲ್ಲಿಯೇ ಹೇಳಿ ಎದ್ದು ಹೋದರು.

ಆದರೆ ಕಾನೂನು ಕಾನೂನೇ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಕೆಳಗೆ ಬಂದಿರುವ 2016ರ ನಿಯಮಗಳಲ್ಲಿ ಈ ತರಬೇತಿಯನ್ನು ಸ್ಪಷ್ಟವಾಗಿ ಹೇಳಿದೆ. ಆಯುಧವನ್ನು ಅಪಾಯವಿಲ್ಲದೆ ಹಿಡಿಯುವುದು ಮತ್ತು ಒಯ್ಯುವುದು, ಈಡು ಹೊಡೆಯುವ ಕ್ರಮ, ಕೋವಿ ತೋಟೆಗಳ ಆರೈಕೆ, ಅವನ್ನು ಇಡುವ ಮತ್ತು ಸಾಗಿಸುವ ರೀತಿ, ಕೊನೆಗೆ ಕಾಯ್ದೆಯ ತಿಳಿವಳಿಕೆ, ಇವಿಷ್ಟು ಪಾಠ. ಮುಗಿದ ಮೇಲೆ ಎಸ್-1 ಎಂಬ ನಮೂನೆಯಲ್ಲಿ ಪ್ರಮಾಣಪತ್ರ. ನಮ್ಮ ಸಂಘದಿಂದ ಹದಿನಾಲ್ಕು ಮಂದಿ ಹೆಸರು ಕೊಟ್ಟು, ಕೊಯ್ಲು ಮುಗಿದ ಬಿಡುವಿನಲ್ಲಿ, ಜಿಲ್ಲಾ ಪೊಲೀಸರು ನಾಗರಿಕರಿಗಾಗಿ ನಡೆಸುವ ಬಂದೂಕು ತರಬೇತಿಗೆ ಹೋಗಿ ಬಂದೆವು. ಹದಿನಾಲ್ಕರಲ್ಲಿ ಇಬ್ಬರು ಹೆಂಗಸರು. ಗಂಡ ತೀರಿಕೊಂಡ ಮೇಲೆ ಒಬ್ಬರೇ ನಿಂತು ತೋಟ ನೋಡುತ್ತಿರುವವರೊಬ್ಬರು, ಇನ್ನೊಬ್ಬರು ಕಾಲೇಜು ಮುಗಿಸಿದ ಹುಡುಗಿ. ಕೊನೆಯ ದಿನದ ಗುರಿಯಲ್ಲಿ ಇವರಿಬ್ಬರೂ ಗಂಡಸರಲ್ಲಿ ಹೆಚ್ಚಿನವರನ್ನು ಹಿಂದೆ ಹಾಕಿದರೆಂಬುದನ್ನು ಇಲ್ಲಿ ದಾಖಲಿಸಬೇಕು. ನೋಡಿ ಕಲಿತ ಚಾಳಿ ಇಲ್ಲದವರಿಗೆ ಬಿಡಬೇಕಾದದ್ದೂ ಏನಿರಲಿಲ್ಲ.

ನಮಗೆ ಕಲಿಸಿದವರು ನಿವೃತ್ತಿಗೆ ಹತ್ತಿರವಾದ ಒಬ್ಬ ಹವಾಲ್ದಾರರು. ಮೊದಲ ದಿನ ಅವರು ಯಾರಿಂದಲೂ ಒಂದು ಈಡನ್ನೂ ಹೊಡೆಸಲಿಲ್ಲ. ಮೇಜಿನ ಮೇಲೆ ಒಂದು ಜೋಡಿ ನಳಿಗೆಯ ತೋಟೆ ಕೋವಿ ಇಟ್ಟು, ನಮ್ಮನ್ನು ಒಬ್ಬೊಬ್ಬರನ್ನಾಗಿ ಕರೆದು "ಇದನ್ನು ತೆಗೆದುಕೊಂಡು ಆ ಗೋಡೆಗೆ ಒರಗಿಸಿ ಬನ್ನಿ" ಎಂದರು, ಅಷ್ಟೆ. ನಲವತ್ತು ವರ್ಷ ಕೋವಿ ಹಿಡಿದವರೂ ಸೇರಿ ಬಹುಪಾಲು ಮಂದಿ ಕೋವಿಯನ್ನು ಮುರಿದು ತೋಟೆ ಇದೆಯೇ ಎಂದು ನೋಡಲಿಲ್ಲ. ದಾರಿಯಲ್ಲಿ ಅದರ ಬಾಯಿ ಯಾರ ಯಾರ ಹೊಟ್ಟೆಯ ಮೇಲೆ ಹಾದುಹೋಯಿತೆಂಬುದನ್ನು ಅವರು ಸೀಮೆಸುಣ್ಣದಲ್ಲಿ ಹಲಗೆಯ ಮೇಲೆ ಗೀಟು ಹಾಕಿ ಲೆಕ್ಕ ಇಟ್ಟಿದ್ದರು. ಗೀಟುಗಳು ಹಲಗೆಯ ಅರ್ಧ ತುಂಬಿದವು.

ಅವರು ಹೇಳಿಕೊಟ್ಟದ್ದು ನಾಲ್ಕೇ ಮಾತು. ಕೈಗೆ ಬಂದ ಪ್ರತಿಯೊಂದು ಕೋವಿಯೂ ತುಂಬಿದ ಕೋವಿಯೇ ಎಂದು ತಿಳಿಯಬೇಕು. ಹೊಡೆಯಬೇಕೆಂದಿಲ್ಲದ ಯಾವುದರ ಕಡೆಗೂ ಬಾಯಿ ತಿರುಗಬಾರದು. ಗುರಿ ಕೂಡುವವರೆಗೂ ಬೆರಳು ಟ್ರಿಗರ್ ಮೇಲೆ ಬರಬಾರದು. ಹೊಡೆಯುವುದು ಏನನ್ನು, ಅದರ ಆಚೆಗೆ ಇರುವುದು ಏನು ಎಂದು ಖಾತ್ರಿಯಾಗಬೇಕು. ಈ ನಾಲ್ಕನ್ನು ಈ ರೂಪದಲ್ಲಿ ಜೋಡಿಸಿ ಪ್ರಚಾರಕ್ಕೆ ತಂದವರು ಅಮೆರಿಕದ ಜೆಫ್ ಕೂಪರ್ ಎಂಬ ಮರೀನ್ ದಳದ ಅಧಿಕಾರಿ. 1976ರಲ್ಲಿ ಅರಿಜೋನಾದಲ್ಲಿ ಪಿಸ್ತೂಲು ಶಾಲೆಯೊಂದನ್ನು ತೆರೆದು ಸಾಮಾನ್ಯ ನಾಗರಿಕರಿಗೂ ಪಾಠ ಹೇಳಿದವರು. ಅವರ ಶಾಲೆ ಸೊಂಟದ ಪಿಸ್ತೂಲಿನದು, ನಮ್ಮದು ಹಂದಿ ಕಾಯುವ ಕೋವಿಯದು. ಮಾತು ಮಾತ್ರ ಎರಡಕ್ಕೂ ಒಂದೇ.

ನಾಲ್ಕನೆಯ ಮಾತಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ನಮ್ಮ ಪಕ್ಕದ ಹೋಬಳಿಯಲ್ಲಿ ಅಡಿಕೆ ಸಸಿಗಳನ್ನು ಹಂದಿ ಕಿತ್ತು ಹಾಕುತ್ತಿದೆಯೆಂದು ಇಬ್ಬರು ರಾತ್ರಿ ಕಾವಲಿಗೆ ಹೋದರು. ತೋಡಿನ ಆಚೆ ಒಬ್ಬ, ಈಚೆ ಒಬ್ಬ. ನಡುರಾತ್ರಿ ಕಳೆದ ಮೇಲೆ ಏಲಕ್ಕಿ ಗಿಡಗಳ ಮಧ್ಯೆ ಸರಕ್ಕೆಂದಿತು, ಈಚೆಯವನು ಸದ್ದಿಗೆ ಹೊಡೆದ. ಚಳಿಯೆಂದು ಬೀಡಿಗೆ ಬೆಂಕಿ ಕೇಳಲು ತೋಡು ದಾಟಿ ಬರುತ್ತಿದ್ದವನು ಬೆಳಗಾಗುವುದರೊಳಗೆ ಹೋದ. ಸತ್ತವನೂ ಹೊಡೆದವನೂ ಆ ಸಂಜೆ ಒಂದೇ ಒಲೆಯ ಬಳಿ ಕುಳಿತು ಉಂಡವರು. ಹೆಸರು, ಊರು ಬೇಡ. ಎರಡು ಮನೆಗಳೂ ನಮ್ಮ ಪೈಕಿಯವೇ. ಮಲೆನಾಡಿನಲ್ಲಿ ಹುಟ್ಟಿ ಬೆಳೆದವರು ಇಂಥದೊಂದು ಸುದ್ದಿಯನ್ನು ಕೇಳದೆ ಇರಲಾರರು. ಸದ್ದಿಗೆ, ಅಲುಗಾಟಕ್ಕೆ, ಕಣ್ಣಿನ ಹೊಳಪಿಗೆ ಹೊಡೆಯುವ ಪದ್ಧತಿಯನ್ನು ನಮ್ಮ ಹಿರಿಯರು ಜಾಣತನವೆಂದು ಹೊಗಳುತ್ತಿದ್ದರು. ಈಡು ಹೊಡೆಯುವ ಮೊದಲು ಪ್ರಾಣಿಯನ್ನು ಇಡಿಯಾಗಿ ಕಾಣಬೇಕು, ಜೊತೆಯವರು ಎಲ್ಲಿದ್ದಾರೆಂದು ಗೊತ್ತಿರಬೇಕು, ಕಾವಲು ಕೂತವನು ಬೆಳಕು ಬೀಸದೆ, ಕೂಗು ಹಾಕದೆ ಜಾಗ ಬಿಡಬಾರದು. ಇವನ್ನು ಹವಾಲ್ದಾರರು ಮೂರು ಸಲ ಹೇಳಿಸಿದರು.

ಚರೆ ಎಷ್ಟು ದೂರ ಹೋಗುತ್ತದೆ ಎಂಬುದರಲ್ಲಿಯೂ ನಮ್ಮ ಅಂದಾಜು ಕಡಿಮೆ. ಹಕ್ಕಿ ಹೊಡೆಯುವ ನಂಬರ್ 6 ಚರೆ ನಲವತ್ತು ಗಜದಾಚೆ ಬಲ ಕಳೆದುಕೊಂಡರೂ ಇನ್ನೂರು ಗಜ ದಾಟಿ ಬೀಳಬಲ್ಲದು. ದಪ್ಪ ಚರೆ ಅದರ ಎರಡರಷ್ಟಕ್ಕೂ ಮೀರಿ ಹೋಗುತ್ತದೆ. ತರಬೇತಿಯಲ್ಲಿ ನಮಗೆ ಕೊಟ್ಟ ಪಾಯಿಂಟ್ ಎರಡು ಎರಡು ರೈಫಲ್ಲಿನ ಗುಂಡು ಬೆರಳ ತುದಿಯಷ್ಟು. ಅದು ಒಂದು ಮೈಲಿಗಿಂತ ಆಚೆ ಹೋಗಿ ಬೀಳುತ್ತದೆಯೆಂದಾಗ ಎಲ್ಲರೂ ಮೈದಾನದ ಹಿಂದಿನ ಮಣ್ಣಿನ ದಿಬ್ಬವನ್ನು ಹೊಸ ಗೌರವದಿಂದ ನೋಡಿದೆವು. ನಮ್ಮ ಕಡೆ ಗುಡ್ಡದ ಇಳಿಜಾರಿನಲ್ಲಿ ಕೆಳಗಿನ ತೋಟ ಒಬ್ಬರದು, ಮೇಲಿನದು ಇನ್ನೊಬ್ಬರದು. ಮಂಗ ಓಡಿಸಲೆಂದು ಆಕಾಶಕ್ಕೆ ಹೊಡೆದದ್ದು ಯಾರ ಕಣದಲ್ಲಿ ಬಿತ್ತು?

ಕೋವಿಯ ಆರೈಕೆಯ ಪಾಠ ನಮ್ಮ ಹವೆಗೆ ಹೇಳಿ ಮಾಡಿಸಿದಂತಿತ್ತು. ಮಳೆಗಾಲದಲ್ಲಿ ಗೋಡೆಗೆ ತೂಗುಹಾಕಿದ ಕೋವಿಯ ನಳಿಗೆಯೊಳಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟುವುದನ್ನು ನಾವೆಲ್ಲ ಕಂಡಿದ್ದೇವೆ. ಆ ಚಿಟಿಕೆ ಮಣ್ಣಿನ ಹಿಂದೆ ಈಡು ಹೊಡೆದರೆ ನಳಿಗೆಯೇ ಸೀಳಿಹೋದೀತು. ಆದ್ದರಿಂದ ತೋಟೆ ಹಾಕುವ ಮೊದಲು ನಳಿಗೆಯನ್ನು ಬೆಳಕಿಗೆ ಹಿಡಿದು ಆರುಪಾರು ನೋಡಬೇಕು. ಹನ್ನೆರಡು ಬೋರಿನ ಕೋವಿ ಇರುವ ಮನೆಯಲ್ಲಿ ಇಪ್ಪತ್ತು ಬೋರಿನ ತೋಟೆ ಕಾಲಿಡಬಾರದು. ಅದು ಸಣ್ಣದಾದ್ದರಿಂದ ನಳಿಗೆಯೊಳಗೆ ಜಾರಿ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ. ಖಾಲಿಯೆಂದು ಹಿಂದಿನಿಂದ ಹನ್ನೆರಡರ ತೋಟೆ ಹಾಕಿ ಹೊಡೆದವರ ಎಡಗೈ ಉಳಿಯುವುದು ಕಷ್ಟ. (ಬೋರಿನ ಲೆಕ್ಕ ಉಲ್ಟಾ. ನಳಿಗೆಯ ಗಾತ್ರದ ಸೀಸದ ಗುಂಡುಗಳು ಒಂದು ಪೌಂಡಿಗೆ ಎಷ್ಟು ತೂಗುತ್ತವೋ ಅದು ಬೋರು. ಅಂಕಿ ದೊಡ್ಡದಾದಷ್ಟೂ ತೂತು ಸಣ್ಣದು.) ದೊರೆಗಳ ಕಾಲದ ಜೋಡಿ ನಳಿಗೆಗಳಲ್ಲಿ ಕೆಲವು ಕಬ್ಬಿಣ, ಉಕ್ಕುಗಳ ಪಟ್ಟಿ ಸುತ್ತಿ ಬೆಸೆದವು, ಮೈಮೇಲೆ ನೀರಿನ ಅಲೆಯಂಥ ಗೆರೆ ಕಾಣುತ್ತದೆ. ಅವು ಕರಿಮದ್ದಿಗೆ ಮಾಡಿದವು, ಈಗಿನ ತೋಟೆಯ ಒತ್ತಡಕ್ಕಲ್ಲ. ನೋಡಲು ಚೆಂದ, ಹೊಡೆಯಲು ಬೇಡ.

ತೋಟೆ ಒತ್ತಿ ಹೊಡೆಯದೆ ಹೋದರೆ ತಕ್ಷಣ ಕೋವಿ ಮುರಿಯುವುದು ನಮ್ಮೆಲ್ಲರ ಅಭ್ಯಾಸ. ಬಾಯಿಯನ್ನು ಅಪಾಯವಿಲ್ಲದ ಕಡೆ ಹಿಡಿದು ಅರ್ಧ ನಿಮಿಷ ಕಾಯಬೇಕು, ತಡವಾಗಿ ಹಾರುವ ತೋಟೆಯೂ ಉಂಟು. ತಡಮೆ, ಸಂಕ, ಮುಳ್ಳುತಂತಿ ದಾಟುವಾಗ, ಜೀಪು ಹತ್ತುವಾಗ ತೋಟೆ ತೆಗೆದಿರಬೇಕು. ಕೇಪಿನ ಕೋವಿಯವರು ಕೇಪನ್ನು ಕಿತ್ತು ಜೇಬಿಗೆ ಹಾಕಿಕೊಳ್ಳಬೇಕು. ಮನೆಯಲ್ಲಿ ಕೋವಿ ಒಂದು ಬೀಗದಲ್ಲಿ, ತೋಟೆ ಇನ್ನೊಂದರಲ್ಲಿ. ಬೀಗದ ಕೈ ದೇವರ ಗೂಡಿನಲ್ಲಿರುತ್ತದೆಂದು ಮನೆಯ ಮಕ್ಕಳಿಗೆಲ್ಲ ಗೊತ್ತಿದ್ದರೆ ಅದು ಬೀಗವಲ್ಲ.

ಇನ್ನು ಪಿಸ್ತೂಲಿನ ವಿಷಯ. 2024-25ರಲ್ಲಿ ಕಾಫಿ ಬೆಲೆ ಏರಿದ ಮೇಲೆ ಕಣದ ಕಾವಲು ನಮಗೆಲ್ಲ ತಲೆನೋವಾಗಿದೆ. ನಮ್ಮ ತಂಡದ ಇಬ್ಬರು ಯುವಕರು "ಸೊಂಟದಲ್ಲಿ ಒಂದು ಪಿಸ್ತೂಲಿದ್ದರೆ ಒಳ್ಳೆಯದಲ್ಲವೇ" ಎಂದು ಕೇಳಿದರು. ಅಮೆರಿಕದಲ್ಲಿರುವ ಬಂಧುಗಳು ಅಲ್ಲಿ ಅಂಗಿಯ ಕೆಳಗೆ ಪಿಸ್ತೂಲು ಇಟ್ಟುಕೊಳ್ಳುವುದಕ್ಕೆ ಶನಿವಾರದ ತರಗತಿಗೆ ಹೋಗುತ್ತಾರಂತೆ. ಅಲ್ಲಿನ ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಅದಕ್ಕೆ ಪರವಾನಗಿಯೂ ಬೇಡ. ನಮ್ಮ ಕಾನೂನಿನ ದಾರಿ ಬೇರೆ. ಇಪ್ಪತ್ತು ಇಂಚಿಗೆ ಕಡಿಮೆಯಿಲ್ಲದ ನುಣುಪು ನಳಿಗೆಯ ಕೋವಿಯನ್ನು ರಕ್ಷಣೆಗೆ, ಕೇಪಿನ ಕೋವಿಯನ್ನು ನಿಜವಾದ ಬೆಳೆ ರಕ್ಷಣೆಗೆ ಕೇಳಿದರೆ ಕಾಯ್ದೆಯ 13ನೆಯ ಪ್ರಕರಣ ಅನುಕೂಲವಾಗಿದೆ. ಪಿಸ್ತೂಲು, ರಿವಾಲ್ವರುಗಳಿಗೆ ತಕ್ಕ ಕಾರಣವಿದೆಯೆಂದು ಅಧಿಕಾರಿಗೆ ಮನವರಿಕೆ ಮಾಡಿಕೊಡಬೇಕು. ಸಿಕ್ಕ ಮೇಲೂ ಅದನ್ನು ತೋರಿಸಿಕೊಂಡು ತಿರುಗುವಂತಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಯಾವುದೇ ಕೋವಿ ಪೂರ್ತಿ ಮುಚ್ಚಿರಬೇಕು, ಒಯ್ಯುವವನ ಹತೋಟಿಯಲ್ಲಿರಬೇಕು ಎಂದು 2016ರ ನಿಯಮ. ಹೆಗಲಿಗೆ ಬೆತ್ತಲೆ ಕೋವಿ ನೇತುಹಾಕಿ ಸಂತೆಪೇಟೆಯಲ್ಲಿ ನಡೆಯುವವರು ಇದನ್ನು ಗಮನಿಸಬೇಕು. ಮದುವೆ ಮನೆಯಲ್ಲಿ ಗಾಳಿಗೆ ಗುಂಡು ಹಾರಿಸಿ ಇನ್ನೊಬ್ಬರ ಜೀವಕ್ಕೆ ಅಪಾಯ ತಂದರೆ 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಸಜೆ ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ.

ಹವಾಲ್ದಾರರು ಯುವಕರಿಗೆ ಬಾಯಿಮಾತಿನಲ್ಲಿ ಉತ್ತರ ಹೇಳಲಿಲ್ಲ. ಒಬ್ಬನಿಗೆ ಮರದ ಪಿಸ್ತೂಲು ಕೊಟ್ಟು ಅಂಗಿಯೊಳಗೆ ಸಿಕ್ಕಿಸಿಕೊಳ್ಳಲು ಹೇಳಿ, ಇನ್ನೊಬ್ಬನನ್ನು ಏಳು ಗಜ ದೂರದಲ್ಲಿ ನಿಲ್ಲಿಸಿ ಓಡಿ ಬಾ ಎಂದರು. ಐದು ಸಲ ಮಾಡಿದರು. ಐದು ಸಲವೂ ಓಡಿ ಬಂದವನ ಕೈ ಮೊದಲು ತಾಗಿತು. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ತರಬೇತುದಾರ ಡೆನಿಸ್ ಟ್ಯೂಲರ್ ಇದೇ ಪರೀಕ್ಷೆ ಮಾಡಿ 1983ರಲ್ಲಿ ಬರೆದಿದ್ದಾರೆ. ಇಪ್ಪತ್ತೊಂದು ಅಡಿಯನ್ನು ಮನುಷ್ಯ ಸುಮಾರು ಒಂದೂವರೆ ಸೆಕೆಂಡಿನಲ್ಲಿ ಓಡಿ ಮುಟ್ಟುತ್ತಾನೆ, ಪಳಗಿದ ಪೊಲೀಸನು ಆಯುಧ ತೆಗೆದು ಹೊಡೆಯುವುದಕ್ಕೂ ಅಷ್ಟೇ ಹೊತ್ತು ಬೇಕು. ವರ್ಷಕ್ಕೊಂದು ಸಲ ಆಯುಧಪೂಜೆಗೆ ಹೊರಬರುವ ಪಿಸ್ತೂಲು ಆ ಹೊತ್ತಿಗೆ ಏನು ಮಾಡೀತು? ನಮ್ಮ ಅಭಿಪ್ರಾಯದಲ್ಲಿ ಕಣಕ್ಕೆ ಬೇಕಾದದ್ದು ಒಳ್ಳೆಯ ದೀಪ, ಎರಡು ನಾಯಿ, ನೆರೆಯವರ ಫೋನು ಮತ್ತು ಒಣಗಿದ ಮಾಲನ್ನು ಬೇಗ ಗೋದಾಮಿಗೆ ಸಾಗಿಸುವ ಬುದ್ಧಿ.

ಕಳ್ಳನ ಮೇಲೆ ಗುಂಡು ಹಾರಿಸಬಹುದೇ ಎಂಬ ಪ್ರಶ್ನೆಗೆ ಅರ್ಧ ದಿನ ಹೋಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಪ್ರಕರಣಗಳಲ್ಲಿ ಆತ್ಮರಕ್ಷಣೆಯ ಹಕ್ಕು ಇದೆ. ಸ್ವತ್ತಿನ ರಕ್ಷಣೆಗಾಗಿ ಪ್ರಾಣ ತೆಗೆಯುವಷ್ಟು ದೂರ ಹೋಗಬಹುದಾದ ಸಂದರ್ಭಗಳನ್ನು 41ರಲ್ಲಿ ಎಣಿಸಿದೆ: ದರೋಡೆ, ರಾತ್ರಿ ಮನೆ ಒಡೆಯುವುದು, ವಾಸದ ಮನೆಗೆ ಅಥವಾ ಸ್ವತ್ತಿಡುವ ಕಟ್ಟಡಕ್ಕೆ ಬೆಂಕಿ, ಇಲ್ಲವೇ ಸಾವು ಅಥವಾ ತೀವ್ರ ಗಾಯದ ಭಯ ಹುಟ್ಟಿಸುವ ಕಳವು. ಅಗತ್ಯಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ. ಚೀಲ ಹೊತ್ತು ಓಡುತ್ತಿರುವವನ ಬೆನ್ನು ಈ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ.

ಪ್ರಾಣಿಗಳ ವಿಷಯವೂ ಹಾಗೆಯೇ. ಬೆಳೆ ರಕ್ಷಣೆಯ ಪರವಾನಗಿ ಎಂದರೆ ಕೋವಿ ಇಟ್ಟುಕೊಳ್ಳುವ ಪರವಾನಗಿ, ಬೇಟೆಯದಲ್ಲ. 1972ರ ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿಯ ನಂತರ ಕಾಡುಹಂದಿ ಎರಡನೆಯ ಅನುಸೂಚಿಯಲ್ಲಿದೆ. ಬೆಳೆ ಹಾಳುಮಾಡುವ ಅಂಥ ಪ್ರಾಣಿಯನ್ನು ಹೊಡೆಯಲು ಅಧಿಕಾರವುಳ್ಳವರ ಲಿಖಿತ ಅಪ್ಪಣೆ ಬೇಕು. ಮೈಮೇಲೆ ಬಿದ್ದ ಪ್ರಾಣಿಯನ್ನು ಜೀವ ಉಳಿಸಿಕೊಳ್ಳಲು ಹೊಡೆದರೆ ಅಪರಾಧವಿಲ್ಲ, ಆದರೆ ಪ್ರಾಣಿ ಸರ್ಕಾರದ ಸ್ವತ್ತು. ಆನೆಯನ್ನು ಓಡಿಸಲು ಚರೆ ಹೊಡೆಯುವವರಿಗೆ ಒಂದು ಮಾತು: ಕಾಯ್ದೆಯಲ್ಲಿ ಗಾಯ ಮಾಡುವುದೂ ಬೇಟೆಯೇ, ಶಿಕ್ಷೆ ಮೂರರಿಂದ ಏಳು ವರ್ಷ. ಅದಕ್ಕಿಂತ ಹೆಚ್ಚಾಗಿ, ಕೀವು ತುಂಬಿದ ಗಾಯದ ಆನೆ ಮರುದಿನ ಬರುವುದು ನಮ್ಮ ಕೆಲಸದವರು ಕಾಫಿ ಕೊಯ್ಯುವ ಸಾಲಿಗೆ.

ಕೊಡಗಿನ ಸದಸ್ಯರ ನೆಂಟರು ತಮಗೆ ಇದೆಲ್ಲ ಬೇಡವೆನ್ನುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು 2019ರ ಅಧಿಸೂಚನೆ 2029ರವರೆಗೆ ಮುಂದುವರಿಸಿದೆ, ನಿಜ. ಕುಂಬಾರ ಹುಳಕ್ಕೆ ಮಾತ್ರ ವಿನಾಯಿತಿ ಗೊತ್ತಿಲ್ಲ.

ಸದಸ್ಯರು ಪದೇ ಪದೇ ಕೇಳುವ ಎರಡು ಮೂರು ವಿಷಯಗಳನ್ನು ಇಲ್ಲಿಯೇ ತಿಳಿಸಿಬಿಡುತ್ತೇವೆ. 2019ರ ತಿದ್ದುಪಡಿಯಿಂದ ಒಬ್ಬರಿಗೆ ಎರಡೇ ಕೋವಿ, ಪರವಾನಗಿಯ ಅವಧಿ ಐದು ವರ್ಷ. ಹೆಸರಿಲ್ಲದ ಕಾವಲುಗಾರನ ಕೈಗೆ ಕೋವಿ ಕೊಟ್ಟು ತೋಟಕ್ಕೆ ಕಳಿಸುವಂತಿಲ್ಲ, ನೀವು ಜೊತೆಗಿದ್ದು ಅವನು ಹೊತ್ತುಕೊಂಡು ಬಂದರೆ ಅದು ಬೇರೆ. ಪರವಾನಗಿದಾರರು ತೀರಿಕೊಂಡರೆ ಕೋವಿಯನ್ನು ಗೋಡೆಯಲ್ಲಿಯೇ ಬಿಡದೆ ಠಾಣೆಯಲ್ಲಿ ಅಥವಾ ಪರವಾನಗಿಯುಳ್ಳ ವ್ಯಾಪಾರಿಯಲ್ಲಿ ಇಟ್ಟು, ಆಮೇಲೆ ವಾರಸುದಾರರು ಅರ್ಜಿ ಹಾಕಬೇಕು. ಚುನಾವಣೆ ಬಂದಾಗ ಕೋವಿ ಠಾಣೆಗೆ ಒಪ್ಪಿಸುವ ಪ್ರಶ್ನೆಯಲ್ಲಿ ಬೆಳೆಗಾರರ ಮನವಿಯನ್ನು ಜಿಲ್ಲೆಯ ಪರಿಶೀಲನಾ ಸಮಿತಿಯ ಮುಂದೆ ಇಡಬಹುದು, ಸಂಘದ ಕಚೇರಿಯಲ್ಲಿ ಅರ್ಜಿ ಬರೆದುಕೊಡುವ ಏರ್ಪಾಡಿದೆ.

ಮುಂದಿನ ತಂಡಕ್ಕೆ ಹೆಸರು ಕೊಡುವವರು ಗುಮಾಸ್ತರ ಬಳಿ ಬರೆಸಬಹುದು. ಗುರುತಿನ ಚೀಟಿ, ಭಾವಚಿತ್ರ ಎರಡು, ಪರವಾನಗಿ ಇದ್ದವರು ಅದರ ನಕಲು ತರಬೇಕು. ಕಿವಿಗೆ ಹತ್ತಿ ಸಾಲದು, ಮುಚ್ಚುವ ಸಾಧನ ಅಲ್ಲಿಯೇ ಕೊಡುತ್ತಾರೆ. ಮನೆಯ ಕೋವಿ ತರುವುದು ಬೇಡ. "ಮೀನಿಗೆ ಈಜು" ಎಂದ ಹಿರಿಯರ ಹೆಸರು ಪಟ್ಟಿಯಲ್ಲಿ ಮೂರನೆಯದಾಗಿದೆ.