ಹಿತ್ತಲ ಕೋಳಿ, ಪಕ್ಕದ ಮನೆ ನಾಯಿ, ಬಂಡೀಪುರದ ಹುಲಿ

ಪಕ್ಕದ ಮನೆಯ ನಾಯಿ ಕೋಳಿ ಹಿಡಿದರೆ ಬೇರೆ ಕಡೆ ಜಗಳ ಅರಳಿಕಟ್ಟೆಯಲ್ಲಿ ಮುಗಿಯುತ್ತದೆ: ಕೋಳಿಗಿಷ್ಟು ದುಡ್ಡು, ನಾಯಿಗೊಂದು ಸರಪಳಿ. ಗುಂಡ್ಲುಪೇಟೆ ತಾಲ್ಲೂಕಿನ ಹಂಗಳ, ಬೇರಂಬಾಡಿ, ಕುಂದಕೆರೆ ಸುತ್ತಿನಲ್ಲಿ, ಚಾಮರಾಜನಗರ ತಾಲ್ಲೂಕಿನ ಪುಣಜನೂರು ಕಡೆಯಲ್ಲಿ ಅದು ಅಷ್ಟಕ್ಕೇ ಮುಗಿಯುವುದಿಲ್ಲ. ಇಲ್ಲಿ ಹೊಲದ ಆಚೆ ಬಂಡೀಪುರ, ಇಲ್ಲವೇ ಬಿಳಿಗಿರಿರಂಗನ ಬೆಟ್ಟದ ಕಾಡು. 2022ರ ಗಣತಿಯಂತೆ ಬಂಡೀಪುರವೊಂದರಲ್ಲೇ ಸುಮಾರು 150 ಹುಲಿಗಳಿವೆ. ಹಗಲು ಹಿತ್ತಲಲ್ಲಿ ಹ್ಯಾಟೆಯನ್ನು ಬೆನ್ನಟ್ಟುವ ನಾಯಿಯೇ ರಾತ್ರಿ ಕಾಡಂಚಿನಲ್ಲಿ ಅಲೆಯುತ್ತದೆ. ಅದಕ್ಕೆ ವಿಷವಿಟ್ಟರೂ ಕೇಡು, ಲಸಿಕೆಯಿಲ್ಲದೆ ಬಿಟ್ಟರೂ ಕೇಡು.

ಮೊದಲು ಕೊಂದದ್ದು ಯಾವ ಪ್ರಾಣಿ ಎಂದು ತಿಳಿಯಬೇಕು. ಮುಂಗುಸಿ ಕತ್ತು, ತಲೆಗೆ ಬಾಯಿ ಹಾಕುತ್ತದೆ. ಕಾಡುಬೆಕ್ಕು ಸಾಮಾನ್ಯವಾಗಿ ಒಂದು ಕೋಳಿಯನ್ನು ಕಚ್ಚಿಕೊಂಡು ಹೋಗುತ್ತದೆ, ಪುಕ್ಕವಷ್ಟೇ ಉಳಿಯುತ್ತದೆ. ನಾಯಿಯ ಕೆಲಸವೇ ಬೇರೆ. ರೆಕ್ಕೆಬಡಿತ, ಕೂಗಾಟ ಅದನ್ನು ಇನ್ನಷ್ಟು ಕೆರಳಿಸುತ್ತದೆ. ಒಂದನ್ನು ಹಿಡಿದು ಕೊಡವಿ ಬಿಸಾಕಿ ಇನ್ನೊಂದರ ಹಿಂದೆ ಓಡುತ್ತದೆ. ಐದಾರನ್ನು ಕೆಡವಿ, ತಿನ್ನದೆಯೇ ಹೋಗುವುದೂ ಉಂಟು. ಗಾಯಗಳು ಹೆಚ್ಚಾಗಿ ಬೆನ್ನು, ತೊಡೆಯ ಮೇಲಿರುತ್ತವೆ. ಗೂಡಿನ ಬುಡದ ಮಣ್ಣು ಕೆರೆದಿರುತ್ತದೆ. ಹೆಜ್ಜೆಯಲ್ಲಿ ಉಗುರಿನ ಗುರುತು ಮೂಡಿರುತ್ತದೆ. ಚಿರತೆಯ ಹೆಜ್ಜೆಯಲ್ಲಿ ಸಾಮಾನ್ಯವಾಗಿ ಉಗುರು ಕಾಣುವುದಿಲ್ಲ. ಇವುಗಳ ಫೋಟೊ ತೆಗೆದಿಟ್ಟುಕೊಂಡರೆ ನೆರೆಯವರೊಡನೆ ಮಾತಾಡಲು ಆಧಾರವಿರುತ್ತದೆ.

ಆಧಾರವಿಲ್ಲದ ಸಿಟ್ಟು ಮೊದಲು ಕೈ ಹಾಕುವುದು ಹೊಲಕ್ಕೆಂದು ತಂದಿಟ್ಟ ಔಷಧಿಗೆ. ಅದರ ಪರಿಣಾಮವನ್ನು ಚಾಮರಾಜನಗರ ಜಿಲ್ಲೆ ಕಂಡಿದೆ. 2025ರ ಜೂನ್ 26ರಂದು ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ತಾಯಿಹುಲಿ ಮತ್ತು ಅದರ ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹುಲಿ ಕೊಂದ ಹಸುವಿನ ಹೆಣಕ್ಕೆ ಯಾರೋ ವಿಷ ಬೆರೆಸಿದ್ದರು. ಹಸು ಕಳೆದುಕೊಂಡ ಸಿಟ್ಟು ಐದು ಹುಲಿಗಳನ್ನು ಬಲಿ ಪಡೆಯಿತು. 2022ರ ಮಾರ್ಚ್‌ನಲ್ಲಿ ಅಸ್ಸಾಮಿನಲ್ಲಿ ವಿಷ ಬೆರೆತ ಆಡಿನ ಹೆಣ ತಿಂದು ಸುಮಾರು 100 ರಣಹದ್ದುಗಳು ಸತ್ತವು. ಕಾರ್ಬೋಫ್ಯುರಾನ್, ಫೋರೇಟ್‌ನಂಥ ಕೀಟನಾಶಕಗಳು ನರ ಮತ್ತು ಸ್ನಾಯುಗಳ ನಡುವಿನ ಸಂದೇಶವನ್ನು ಕೆಡಿಸಿ ಉಸಿರು ನಿಲ್ಲಿಸುತ್ತವೆ. ತಿಂದದ್ದು ನಾಯಿಯೋ ಕಾಗೆಯೋ ಕರುವೋ ಎಂದು ಅವು ನೋಡುವುದಿಲ್ಲ. ವಿಷ ತಿಂದ ನಾಯಿ ಹಿತ್ತಲಲ್ಲೇ ಸಾಯುತ್ತದೆಂಬ ಖಾತ್ರಿಯಿಲ್ಲ. ಕಾಡಂಚಿನ ಹಳ್ಳದಲ್ಲಿ ಸತ್ತರೆ ಆ ಹೆಣವನ್ನು ಹದ್ದು, ಕತ್ತೆಕಿರುಬ, ಚಿರತೆ ತಿನ್ನುತ್ತವೆ. ಫೋರೇಟ್ ಅನ್ನು ಸರ್ಕಾರ 2020ರ ಕೊನೆಗೇ ನಿಷೇಧಿಸಿದೆ. ಬೇರೆಯವರ ನಾಯಿಯನ್ನು ವಿಷವಿಟ್ಟು ಕೊಲ್ಲುವುದು ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಡಿ 5 ವರ್ಷದವರೆಗಿನ ಜೈಲಿಗೆ ದಾರಿ.

ಹಾಗೆಂದು ನಾಯಿಯನ್ನು ಬಿಟ್ಟುಬಿಡುವುದೂ ಕ್ಷೇಮವಲ್ಲ. ಮಹಾರಾಷ್ಟ್ರದ ಅಕೋಲೆ ತಾಲ್ಲೂಕಿನಲ್ಲಿ ಚಿರತೆಯ ಹಿಕ್ಕೆ ಪರೀಕ್ಷಿಸಿದ ವಿದ್ಯಾ ಅತ್ರೇಯ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೂಕದ ಲೆಕ್ಕದಲ್ಲಿ ಅದರ ಆಹಾರದ ಶೇ. 39 ಭಾಗ ನಾಯಿಯೇ ಆಗಿತ್ತು. ಬಿಡಾಡಿ ನಾಯಿ ಇದ್ದಲ್ಲಿಗೆ ಚಿರತೆ ಬರುತ್ತದೆ. ನಾಯಿಯಲ್ಲಿ ರೋಗವಿದ್ದರೆ ಅದೂ ಚಿರತೆಗೆ ತಗಲುತ್ತದೆ.

ಅಂಥ ರೋಗಗಳಲ್ಲಿ ಕೇನೈನ್ ಡಿಸ್ಟೆಂಪರ್ ಮುಖ್ಯವಾದುದು. ಮೂಗು, ಕಣ್ಣಿನ ಸ್ರಾವದಿಂದ, ಕೆಮ್ಮಿನಿಂದ ಹರಡುವ ಈ ವೈರಸ್ ಹಿಡಿದ ನಾಯಿಯ ಕಣ್ಣಲ್ಲಿ ಪಿಸುರು ಕಟ್ಟುತ್ತದೆ, ಭೇದಿಯಾಗುತ್ತದೆ, ಕೊನೆಗೆ ಫಿಟ್ಸ್ ಬರುತ್ತದೆ. 1994ರಲ್ಲಿ ಟಾಂಜಾನಿಯಾದ ಸೆರೆಂಗೆಟಿಯಲ್ಲಿ ಇದು ಸಿಂಹಗಳ ಸುಮಾರು ಮೂರನೇ ಒಂದು ಭಾಗವನ್ನು ಕೊಂದಿತು. 2018ರಲ್ಲಿ ಗುಜರಾತಿನ ಗಿರ್‌ನಲ್ಲಿ ಕೆಲವೇ ವಾರಗಳಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತವು. ಅವುಗಳಲ್ಲಿ ಕೆಲವಕ್ಕೆ ಇದೇ ವೈರಸ್ ತಗಲಿದ್ದು ಪರೀಕ್ಷೆಯಲ್ಲಿ ದೃಢಪಟ್ಟಿತು. ಬಂಡೀಪುರದ ಸೀಳುನಾಯಿ ಊರನಾಯಿಯ ಹತ್ತಿರದ ನೆಂಟ. ಗುಂಪಾಗಿ ಬದುಕುವ ಅದಕ್ಕೆ ಒಮ್ಮೆ ತಗಲಿದರೆ ಇಡೀ ಗುಂಪಿಗೇ ಹಬ್ಬುತ್ತದೆ. ರೇಬೀಸ್ ಲಸಿಕೆ ಈ ರೋಗವನ್ನು ತಡೆಯುವುದಿಲ್ಲ, ಇದರ ಲಸಿಕೆಯೇ ಬೇರೆ.

ಮನುಷ್ಯನಿಗೆ ಹತ್ತಿರದ ಅಪಾಯ ರೇಬೀಸ್. ನಾಯಿಯ ಬಾಯಿಂದ ಕೋಳಿ ಬಿಡಿಸಲು ಹೋದ ಕೈಗೆ ಹಲ್ಲು ತಾಗುವುದು ಸಹಜ. ‘ಸ್ವಲ್ಪ ತರಚಿದೆ’ ಎಂದು ಅರಿಶಿನ, ಸುಣ್ಣ ಹಚ್ಚಿ ಸುಮ್ಮನಾಗಬಾರದು. ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿದವರು ಇಲ್ಲವೆನ್ನುವಷ್ಟು ಕಡಿಮೆ. ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು, ವೈದ್ಯರು ಹೇಳಿದ ಅಷ್ಟೂ ಡೋಸ್ ಮುಗಿಸಬೇಕು. ನಾಯಿಗಳಲ್ಲಿ ಶೇ. 70ಕ್ಕೆ ಲಸಿಕೆ ಹಾಕಿದರೆ ರೋಗದ ಸರಪಳಿ ತುಂಡಾಗುತ್ತದೆ ಎಂಬುದನ್ನು ಗೋವಾ ತೋರಿಸಿದೆ: ನಾಯಿಗಳಿಗೆ ಸಾಮೂಹಿಕ ಲಸಿಕೆ ಹಾಕಿದ ಆ ರಾಜ್ಯವನ್ನು 2021ರಲ್ಲಿ ರೇಬೀಸ್ ನಿಯಂತ್ರಿತ ಪ್ರದೇಶವೆಂದು ಘೋಷಿಸಲಾಯಿತು.

ಮಾಡಬೇಕಾದದ್ದು ದೊಡ್ಡ ಕೆಲಸವೇನಲ್ಲ. ಕೋಳಿಗಳನ್ನು ಕತ್ತಲಾಗುವ ಮುಂಚೆ ಗೂಡಿಗೆ ಸೇರಿಸಿ. ಮರಿಗಳಿಗೆ ಮಂಕರಿ ಮುಚ್ಚಿ, ಮೇಲೊಂದು ಕಲ್ಲಿಡಿ. ಗೂಡಿನ ಜಾಲರಿಯನ್ನು ಒಂದಡಿ ನೆಲದೊಳಕ್ಕೆ ಹೂಳಿ. ಕೆರೆಯುವ ನಾಯಿ ಅಲ್ಲಿಗೇ ಸೋಲುತ್ತದೆ. ಸತ್ತ ಕೋಳಿಯನ್ನು ಬೇಲಿಯಾಚೆ ಎಸೆಯದೆ ಆಳವಾಗಿ ಹೂತುಹಾಕಿ. ನಾಯಿಯ ಯಜಮಾನರು ಕಟ್ಟಿಹಾಕಲು ಒಪ್ಪದಿದ್ದರೆ ಪಂಚಾಯಿತಿಗೆ ಬರೆದುಕೊಡಿ. ಸಾಕಿದ ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಅಪಾಯವಾಗುವಂತೆ ನಿರ್ಲಕ್ಷಿಸಿದರೆ ನ್ಯಾಯ ಸಂಹಿತೆಯ 291ನೇ ಕಲಮಿನಡಿ 6 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡವಿದೆ. ಬೀದಿನಾಯಿಯಾದರೆ 2023ರ ನಿಯಮದಂತೆ ಸಂತಾನಹರಣ, ಲಸಿಕೆಯ ಹೊಣೆ ಸ್ಥಳೀಯ ಸಂಸ್ಥೆಯದು. ಪಂಚಾಯಿತಿ, ಪಶುಪಾಲನಾ ಇಲಾಖೆ, ಅರಣ್ಯ ಇಲಾಖೆ ಸೇರಿ ಕಾಡಂಚಿನ ಊರುಗಳಿಗೆ ರೇಬೀಸ್, ಡಿಸ್ಟೆಂಪರ್ ಎರಡೂ ಲಸಿಕೆ ತಲುಪಿಸಬೇಕು. ಗಿರ್‌ನಲ್ಲಾದಂತೆ ಸಾವು ಶುರುವಾದ ಮೇಲೆ ಓಡಾಡಿದರೆ ತಡವಾಗಿರುತ್ತದೆ.

ಕೋಳಿ ಕಳೆದುಕೊಂಡವರು ನೆರೆಮನೆಯವರ ಹತ್ತಿರ ಪರಿಹಾರ ಕೇಳಲಿ, ಅದು ನ್ಯಾಯ. ಅದರ ಜೊತೆಗೇ ನಾಯಿಯ ಲಸಿಕೆ ಚೀಟಿಯನ್ನೂ ಕೇಳಲಿ.