ಆರೋಗ್ಯಸೇವಾ ದುಭಾಷಿಗಳ ತರಬೇತಿ

ಆರೋಗ್ಯಸೇವಾ ದುಭಾಷಿಗಳ ತರಬೇತಿ ಎಂದರೆ ಪರಸ್ಪರರ ಭಾಷೆಯನ್ನು ಅರಿಯದ ರೋಗಿ ಮತ್ತು ವೈದ್ಯರ ಸಂಭಾಷಣೆಯನ್ನು ಬಾಯಿಮಾತಿನಲ್ಲಿ ಅನುವಾದಿಸುವವರಿಗೆ ನೀಡುವ ವೃತ್ತಿಶಿಕ್ಷಣ. ಎರಡು ಭಾಷೆ ಬಲ್ಲವರೆಲ್ಲರೂ ದುಭಾಷಿಗಳಾಗಲಾರರು ಎಂಬುದು ಇದರ ಮೂಲ ಗ್ರಹಿಕೆ.

ಹಿನ್ನೆಲೆ

1980ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ವಿಲ್ಲಿ ರಮಿರೆಜ್ ಎಂಬ 18 ವರ್ಷದ ಯುವಕನ ಮನೆಯವರು ಅವನ ಸ್ಥಿತಿಯನ್ನು ಸ್ಪ್ಯಾನಿಷ್ ಭಾಷೆಯಲ್ಲಿ ‘ಇಂಟೊಕ್ಸಿಕಾಡೊ’ ಎಂದು ವಿವರಿಸಿದರು. ತಿಂದದ್ದು ಒಗ್ಗದೆ ಅಸ್ವಸ್ಥನಾಗಿದ್ದಾನೆ ಎಂಬುದು ಅವರ ಇಂಗಿತವಾಗಿತ್ತು. ವೈದ್ಯರು ಅದನ್ನು ಮಾದಕವಸ್ತುವಿನ ಅಮಲೆಂದು ಗ್ರಹಿಸಿದರು. ಮೆದುಳಿನ ರಕ್ತಸ್ರಾವ ತಡವಾಗಿ ಪತ್ತೆಯಾಯಿತು. ಯುವಕನ ಕೈಕಾಲುಗಳು ಶಾಶ್ವತವಾಗಿ ಸ್ವಾಧೀನ ತಪ್ಪಿದವು.

ತರಬೇತಿಯ ಅವಧಿಯೂ ಮುಖ್ಯವೆಂದು ಗ್ಲೆನ್ ಫ್ಲೋರೆಸ್ ಮತ್ತು ಸಂಗಡಿಗರ 2012ರ ಅಧ್ಯಯನ ತೋರಿಸಿತು. 100 ಗಂಟೆ ಅಥವಾ ಅದಕ್ಕಿಂತ ಹೆಚ್ಚು ತರಬೇತಿ ಪಡೆದ ವೃತ್ತಿಪರ ದುಭಾಷಿಗಳ ತಪ್ಪುಗಳಲ್ಲಿ ಚಿಕಿತ್ಸೆಗೆ ಧಕ್ಕೆ ತರಬಲ್ಲವು ಶೇ. 2, ಅದಕ್ಕಿಂತ ಕಡಿಮೆ ತರಬೇತಿ ಪಡೆದವರಲ್ಲಿ ಶೇ. 12. ಆದರೂ ಅಮೆರಿಕದ ಎರಡು ರಾಷ್ಟ್ರೀಯ ಪ್ರಮಾಣೀಕರಣ ಮಂಡಳಿಗಳು ಕೇಳುವ ಕನಿಷ್ಠ ಅವಧಿ 40 ಗಂಟೆ ಮಾತ್ರ.

ಕರ್ನಾಟಕದ ಸ್ಥಿತಿ

2011ರ ಜನಗಣತಿಯಂತೆ ರಾಜ್ಯದಲ್ಲಿ ಕನ್ನಡ ಮಾತೃಭಾಷಿಕರು ಸುಮಾರು ಶೇ. 66. ಭಾಷೆಯ ಅಂತರ ಕನ್ನಡ ಪ್ರಧಾನವಾದ ಜಿಲ್ಲೆಗಳಲ್ಲಿಯೂ ಉಂಟು. ಸರ್ಕಾರಿ ವೈದ್ಯಕೀಯ ಕಾಲೇಜುಗಳ ಶೇ. 15ರಷ್ಟು ಎಂಬಿಬಿಎಸ್ ಸೀಟುಗಳು ಅಖಿಲ ಭಾರತ ಕೋಟಾಕ್ಕೆ ಸೇರುವುದರಿಂದ, ಮಳವಳ್ಳಿ ತಾಲ್ಲೂಕಿನ ಬಂಡೂರಿನಂತಹ ಹಳ್ಳಿಯಿಂದ ಮಂಡ್ಯದ ಬೋಧನಾ ಆಸ್ಪತ್ರೆಗೆ ಬಂದವರಿಗೆ ಕನ್ನಡ ತಿಳಿಯದ ಕಿರಿಯ ವೈದ್ಯರು ಎದುರಾಗಬಹುದು. ಆಗ ದುಭಾಷಿಯ ಕೆಲಸ ಸಾಮಾನ್ಯವಾಗಿ ದಾದಿಗೋ ಆಯಾಗೋ ಜೊತೆಗೆ ಬಂದ ನೆಂಟರಿಗೋ ಬೀಳುತ್ತದೆ. 2019ರ ಎಂಬಿಬಿಎಸ್ ಪಠ್ಯಕ್ರಮದ ಬುನಾದಿ ಕೋರ್ಸು ಭಾಷೆ ಮತ್ತು ಕಂಪ್ಯೂಟರ್ ಕೌಶಲಗಳಿಗೆ ಒಟ್ಟು 40 ಗಂಟೆಗಳನ್ನು ಮೀಸಲಿಟ್ಟಿತ್ತು. ಸ್ಥಳೀಯ ಭಾಷೆಗೆ ಅದರಲ್ಲಿ ದೊರೆಯುತ್ತಿದ್ದುದು ಒಂದು ಪಾಲು.

ಪಠ್ಯಕ್ರಮದ ರಚನೆ

ಪ್ರವೇಶಕ್ಕೆ ಮುನ್ನವೇ ಎರಡೂ ಭಾಷೆಗಳಲ್ಲಿ ಅಭ್ಯರ್ಥಿಯ ಪ್ರಾವೀಣ್ಯವನ್ನು ಪರೀಕ್ಷಿಸಬೇಕು. ಭಾಷೆಯನ್ನೇ ಕಲಿಸುವುದು ಈ ತರಬೇತಿಯ ಕೆಲಸವಲ್ಲ. ಅಂಗರಚನೆ ಮತ್ತು ಕಾಯಿಲೆಗಳ ಪರಿಭಾಷೆ, ನೆನಪಿನ ಅಭ್ಯಾಸ, ಟಿಪ್ಪಣಿ ಬರೆಯುವ ಕ್ರಮ, ಗೋಪ್ಯತೆ ಇವು ಎಲ್ಲೆಡೆ ಇರುವ ಪಾಠಗಳು. ರೋಗಿಯ ಮಾತನ್ನು ‘ಅವರು ಹೀಗೆನ್ನುತ್ತಾರೆ’ ಎನ್ನದೆ ‘ನಾನು’ ಎಂದೇ ಹೇಳುವುದನ್ನೂ ರೂಢಿ ಮಾಡಿಸಲಾಗುತ್ತದೆ.

ಕನ್ನಡದ ಮಟ್ಟಿಗೆ ಕಠಿಣವಾದ ಭಾಗ ಆಡುಮಾತು. ‘ಹೊರಗಾಗುವುದು’ ಎಂದರೆ ಮುಟ್ಟು. ‘ಬಿಳಿ ಸೆರಗು’ ಎಂದರೆ ಯೋನಿಯ ಬಿಳಿ ಸ್ರಾವ. ಪದಶಃ ಅನುವಾದಿಸಿದರೆ ಎರಡೂ ಅರ್ಥಹೀನ. ‘ಸಂಕಟ’ ಇನ್ನೂ ತೊಡಕಿನದು: ಗ್ರಂಥಭಾಷೆಯಲ್ಲಿ ಅದು ದುಃಖ, ಆಡುಮಾತಿನಲ್ಲಿ ಹೊಟ್ಟೆಯ ತಳಮಳವೂ ಆದೀತು. ಇಂತಹ ಕಡೆ ಊಹಿಸದೆ, ಸ್ಪಷ್ಟೀಕರಣ ಕೇಳುತ್ತಿರುವುದನ್ನು ವೈದ್ಯರಿಗೂ ತಿಳಿಸಿ, ರೋಗಿಯನ್ನೇ ಪ್ರಶ್ನಿಸಲು ಪಾತ್ರಾಭಿನಯದ ಮೂಲಕ ಕಲಿಸಬೇಕಾಗುತ್ತದೆ. ಮುಟ್ಟಿನ ವಿಷಯವನ್ನು ಮಗನ ಬಾಯಿಂದ ಹೇಳಿಸಲು ತಾಯಿ ಹಿಂಜರಿದು ಸುಮ್ಮನಾಗುವ ಸಂದರ್ಭವೂ ಅಭ್ಯಾಸಕ್ಕೆ ತಕ್ಕ ವಸ್ತು.

ಮೌಲ್ಯಮಾಪನ

ಅಮೆರಿಕದ ಮಂಡಳಿಗಳು ಸ್ಪ್ಯಾನಿಷ್, ಮ್ಯಾಂಡರಿನ್ ಮುಂತಾದ ಕೆಲವೇ ಭಾಷೆಗಳಿಗೆ ಪ್ರತ್ಯೇಕ ಮೌಖಿಕ ಪರೀಕ್ಷೆ ನಡೆಸುತ್ತವೆ. ಅಲ್ಲಿನ ಕನ್ನಡ ದುಭಾಷಿಗಳು ಇಂಗ್ಲಿಷಿನ ಸಾಮಾನ್ಯ ಪರೀಕ್ಷೆಯನ್ನು ಬರೆಯುತ್ತಾರೆ. ಅವರ ಕನ್ನಡ ಅದರಲ್ಲಿ ಪರೀಕ್ಷೆಗೆ ಒಳಪಡುವುದಿಲ್ಲ.